ಐದನೇ ತೂತು, ಒಂಬತ್ತನೇ ತೂತು

ನನ್ನ ಕೋಣೆಯ ಬಾಗಿಲ ಹಿಂದೆ, ಕೊಡೆ ಸಿಕ್ಕಿಸುವ ಮೊಳೆಗೆ, ಒಂದು ಕಂದು ಚರ್ಮದ ಪಟ್ಟಿ ತೂಗುತ್ತಿರುತ್ತದೆ. ಮನೆಗೆ ಬಂದವರೆಲ್ಲ ಅದನ್ನು ಅಪ್ಪನ ಬೆಲ್ಟ್ ಎಂದುಕೊಳ್ಳುತ್ತಾರೆ. ಕಳೆದ ತಿಂಗಳು ಧಾರವಾಡದಿಂದ ಬಂದಿದ್ದ ಮೌಶಿ ಮಾತ್ರ ಅದನ್ನು ಇಳಿಸಿ, ಮೊಳ ಹಾಕಿ ನೋಡಿ, "ಇಷ್ಟುದ್ದ ಬೆಲ್ಟ್ ಕಟ್ಟೋ ಹೊಟ್ಟಿ ನಿಮ್ಮಪ್ಪಗ ಯಾವಾಗ ಬಂದಿತ್ತು?" ಎಂದು ಕೇಳಿದಳು. ನಮ್ಮ ಬಳಗದಲ್ಲಿ ಯಾರೂ ಯಾವ ವಸ್ತುವನ್ನೂ ಅದು ಕಂಡಂತೆ ನಂಬುವುದಿಲ್ಲ.

ಅದು ಬೆಲ್ಟ್ ಅಲ್ಲ. ಕುದುರೆಯ ಜೀನಿನಿಂದ ಇಳಿಬಿಟ್ಟು, ತುದಿಗೆ ರಿಕಾಬು ಕಟ್ಟುವ ಪಟ್ಟಿ. ರಿಕಾಬು ಎಂದರೆ ಸವಾರ ಪಾದ ಊರುವ ಕಬ್ಬಿಣದ ಬಳೆ. ಕಾಲಿನ ಉದ್ದಕ್ಕೆ ತಕ್ಕಂತೆ ಬಕಲ್ ಹಾಕಲು ಪಟ್ಟಿಯಲ್ಲಿ ಸಾಲಾಗಿ ತೂತುಗಳಿವೆ. ಇದರಲ್ಲಿ ಎರಡು ತೂತು ಮಾತ್ರ ಸವೆದು ಹಿಗ್ಗಿವೆ. ಐದನೆಯದು ನನ್ನದು. ಒಂಬತ್ತನೆಯದು ಸಂಗಪ್ಪ ಮೇಸ್ತ್ರಿಯದು. ಈ ನಾಲ್ಕು ತೂತಿನ ಅಂತರದ ಮೇಲೆ ನಾನು ಒಂದಿಡೀ ಮಳೆಗಾಲ, ಮುಖ ಕಂಡಿರದ ಒಬ್ಬ ಮನುಷ್ಯನ ಬಗ್ಗೆ ಸಂಶಯಪಟ್ಟಿದ್ದೇನೆ.

ಸಂಶಯ ನಮ್ಮ ಮನೆಯ ಆಸ್ತಿ. ಅಪ್ಪ ಮುರ್ಮುಗಾಂವ್ ಬಂದರಿನ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ನಾನು ಬೆಳೆದದ್ದು ಅಲ್ಲಿ ಹಡಗಿಗೆ ತುಂಬುವ ಅದಿರಿನ ಕೆಂಪು ಧೂಳು ಕಿಟಕಿಯ ಕಟ್ಟೆಯ ಮೇಲೆ ಬಂದು ಕೂರುವ ಮನೆಯಲ್ಲಿ. ಅಮ್ಮ ಬೆಳಿಗ್ಗೆ ಕಟ್ಟೆ ಒರೆಸುವಳು, ಮಧ್ಯಾಹ್ನ ಬೆರಳಾಡಿಸಿ ನೋಡುವಳು. ಬೆರಳು ಕೆಂಪಾದರೆ ಅವಳ ಸಂಶಯ ಹೋಗುತ್ತಿದ್ದುದು ಹಡಗಿನ ಮೇಲಲ್ಲ, ಪಕ್ಕದ ಮನೆಯವರ ಮೇಲೆ. "ತಮ್ಮ ಕಸಾ ನಮ್ಮ ಕಡೆ ಝಾಡಸ್ತಾರ." ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಕಟ್ಟುವಾಗ ಅವಳದೇ ಒಂದು ಗಂಟು ಇತ್ತು, ಬೇರೆ ಯಾರು ಬಿಚ್ಚಿ ಕಟ್ಟಿದರೂ ತಿಳಿದುಬಿಡುತ್ತಿತ್ತು. ಅಪ್ಪ ಬೀಗ ಹಾಕಿ ಬಸ್ ಸ್ಟಾಪಿನವರೆಗೆ ಹೋದವರು ಬೀಗ ಜಗ್ಗಿ ನೋಡಲು ವಾಪಸು ಬರುವರು. ಜಗ್ಗಿದ್ದಕ್ಕೆ ಸಾಕ್ಷಿ ಇರಲೆಂದು ನನ್ನನ್ನೂ ಕರೆತರುವರು.

ನಾನೂ ಕಡಿಮೆ ಇರಲಿಲ್ಲ. ಶಾಲೆಯಲ್ಲಿ ಯಾರಿಗಾದರೂ ರಬ್ಬರು ಕೊಡುವ ಮುನ್ನ ಅದನ್ನು ನೋಟುಬುಕ್ಕಿನ ಕೊನೆಯ ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳುತ್ತಿದ್ದೆ. ವಾಪಸು ಬಂದ ಮೇಲೆ ಗೆರೆಯೊಳಗೆ ಇಟ್ಟು ಎಷ್ಟು ಸವೆದಿದೆ ಎಂದು ನೋಡುವುದು. ನನ್ನ ಬೆಂಚಿನ ಹುಡುಗಿಯೊಬ್ಬಳು ಒಮ್ಮೆ, "ನಿನ್ನ ರಬ್ಬರ್ ಬ್ಯಾಡವಾ, ನಾ ಇವತ್ತಿಂದ ತಪ್ಪಽ ಬರಿಯೂದಿಲ್ಲ" ಎಂದು ಎದ್ದು ಹೋದಳು. ಆ ತಾರೀಖು ನನ್ನ ಮೊದಲ ಡೈರಿಯಲ್ಲಿದೆ.

ಇಂಥ ನಾನು ಅರ್ಧ ಕುದುರೆಗೆ ಒಪ್ಪಿಕೊಂಡದ್ದು ಹೇಗೋ!

ಬಂದರಿನಿಂದ ಸ್ವಲ್ಪ ದೂರದ ಕೊರ್ತಾಲಿಮ್ ಹಳ್ಳಿಯ ಮೇಲಿನ ಬಯಲಿನಲ್ಲಿ ಫಿಲೂ ಬಾಯಿಯ ಲಾಯವಿದೆ. ಆರು ಕುದುರೆ, ಒಂದು ಮುದಿ ನಾಯಿ, ಒಂದು ತಗಡಿನ ಮಾಡು. ಫಿಲೂ ಬಾಯಿ ಕೊಂಕಣಿಯ ಹೆಂಗಸು; ಕನ್ನಡ ಕಲಿತದ್ದು ಲಾಯ ಕಟ್ಟಲು ಬಂದ ನಮ್ಮ ಕಡೆಯ ಆಳುಗಳಿಂದ. ಹಾಗಾಗಿ ಅವಳ ಕನ್ನಡದಲ್ಲಿ ಎಲ್ಲವೂ ಇದೆ, 'ರೀ' ಒಂದು ಬಿಟ್ಟು. ದೊಡ್ಡವರು ಚಿಕ್ಕವರು ಎಲ್ಲರಿಗೂ 'ನೀ'. ಅವಳ ಪದ್ಧತಿ ಏನೆಂದರೆ, ಒಂದು ಕುದುರೆಯನ್ನು ಇಬ್ಬರಿಗೆ ಹಂಚುವುದು. ವಾರದಲ್ಲಿ ಮೂರು ದಿನ ಒಬ್ಬರು, ಮೂರು ದಿನ ಇನ್ನೊಬ್ಬರು. ಶುಕ್ರವಾರ ಕುದುರೆಗೆ ರಜೆ. ನನ್ನ ದಿನಗಳು ಸೋಮ, ಬುಧ, ಶನಿ.

ನನ್ನ ಪಾಲಿಗೆ ಬಂದದ್ದು ತಾಮ್ರದ ಬಣ್ಣದ ಹೆಣ್ಣು ಕುದುರೆಯ ಅರ್ಧ. ಹುಟ್ಟಿದಾಗ ಸುರುಟಿಕೊಂಡು ಮಲಗಿತ್ತೆಂದು ಫಿಲೂ ಬಾಯಿ ಅದಕ್ಕೆ ಸುಂಗಟ ಎಂದು ಹೆಸರಿಟ್ಟಿದ್ದಳು. ಕೊಂಕಣಿಯಲ್ಲಿ ಸಿಗಡಿ. ಮೀನು ಮುಟ್ಟದ ಅಮ್ಮ ಇವತ್ತಿಗೂ ಆ ಹೆಸರನ್ನು ಅಡಿಗೆಮನೆಯಲ್ಲಿ ಎತ್ತಗೊಡುವುದಿಲ್ಲ. "ಆ ಕುದರಿ ಹ್ಯಾಂಗದ?" ಎಂದಷ್ಟೇ ಕೇಳುತ್ತಾಳೆ.

ಡಿಸೆಂಬರಿನಲ್ಲಿ ಸುತ್ತಲಿನ ನಾಲ್ಕೈದು ಲಾಯದವರು ಸೇರಿ ನಲವತ್ತು ಕಿಲೋಮೀಟರಿನ ಎಂಡ್ಯೂರೆನ್ಸ್ ಸವಾರಿ ನಡೆಸುವವರಿದ್ದರು. ಅದು ಜೋರಿನ ಪಂದ್ಯವಲ್ಲ. ದೂರವನ್ನು ಮುಗಿಸಿದ ಮೇಲೂ ಕುದುರೆಯ ಎದೆಬಡಿತ ಬೇಗ ಇಳಿಯಬೇಕು, ನಡಿಗೆ ನೆಟ್ಟಗಿರಬೇಕು. ಕುದುರೆ ಡಾಕ್ಟರು ನಡುವೆ ಒಮ್ಮೆ, ಕೊನೆಗೊಮ್ಮೆ ಪರೀಕ್ಷೆ ಮಾಡಿ ಒಪ್ಪಿದರಷ್ಟೇ ಸವಾರಿ ಮುಗಿದಂತೆ. ಸುಂಗಟಳನ್ನು ಅದಕ್ಕೆ ಇಳಿಸುವುದಾಗಿ ಫಿಲೂ ಬಾಯಿ ಹೇಳಿದಳು. ಆದರೆ ಸವಾರರು ಇಬ್ಬರು, ಜೀನು ಒಂದು. ಮಳೆ ನಿಂತ ಮೇಲೆ ಯಾರು ಕೂರಬೇಕೆಂದು ಅವಳು ತೀರ್ಮಾನಿಸುತ್ತಾಳೆ. ಕುದುರೆ ನೆಟ್ಟಗಿಲ್ಲದಿದ್ದರೆ ಇಬ್ಬರೂ ಇಲ್ಲ.

ನನಗೆ ಅದು ಬೇಕಾಗಿತ್ತು. ಅದುವರೆಗೆ ನಾನು ಎಲ್ಲಿಗೆ ಹೋದರೂ ಯಾರದಾದರೂ ಹಿಂದೆ ಕೂತು ಹೋದವಳು. ಅಪ್ಪನ ಸ್ಕೂಟರ್, ಅಣ್ಣನ ಬೈಕು, ಕಚೇರಿಯ ವ್ಯಾನು. ನಲವತ್ತು ಕಿಲೋಮೀಟರು ಮುಂದೆ ಯಾರ ಬೆನ್ನೂ ಇಲ್ಲದೆ ಹೋಗುವುದು ಹೇಗಿರುತ್ತದೆ ಎಂದು ನೋಡಬೇಕಾಗಿತ್ತು.

ದೂರಕ್ಕೆ ತಯಾರಿ ಎಂದರೆ ದೂರ ಓಡಿಸುವುದು ಎಂದು ನಾನು ತಿಳಿದಿದ್ದೆ. ಆದರೆ ಜೂನ್ ಬಂದ ಕೂಡಲೇ ಬಯಲಿನ ಕೆಂಪು ಕಲ್ಲಿನ ಮೇಲೆ ಪಾಚಿ ಕಟ್ಟುತ್ತದೆ, ಕುದುರೆಯ ಕಾಲು ಜಾರುತ್ತದೆ. ಆದ್ದರಿಂದ ಸೆಪ್ಟೆಂಬರು ಮುಗಿಯುವತನಕ ಎಲ್ಲ ಕಸರತ್ತೂ ಅರೀನಾದಲ್ಲಿ. ಅರೀನಾ ಎಂದರೆ ತಗಡಿನ ಮಾಡಿನ ಕೆಳಗೆ ಮರಳು ಹಾಸಿದ, ಒಂದು ಕಲ್ಯಾಣ ಮಂಟಪದಷ್ಟು ಜಾಗ. ಅಲ್ಲಿ ವೃತ್ತ ಹಾಕುವುದು, ಎಂಟರ ಆಕಾರ ಹಾಕುವುದು, ಹಾವಿನಂತೆ ಡೊಂಕಾಗಿ ಹೋಗುವುದು, ನೆಲಕ್ಕೆ ಹಾಸಿದ ಗಳಗಳನ್ನು ಕಾಲೆತ್ತಿ ದಾಟಿಸುವುದು. ನಡಿಗೆಯಿಂದ ಟ್ರಾಟ್‌ಗೆ, ಅಂದರೆ ಕುಲುಕು ಓಟಕ್ಕೆ, ಮತ್ತೆ ನಡಿಗೆಗೆ, ಮತ್ತೆ ನಿಲ್ಲುವುದಕ್ಕೆ. ಮೊದಲನೇ ದಿನವೇ ನನಗೆ ಇದು ನಮ್ಮನ್ನು ಸುಮ್ಮನೆ ತಿರುಗಿಸಿ ಮಳೆಗಾಲ ಕಳೆಯುವ ಉಪಾಯವೆನ್ನಿಸಿತು.

"ಗಾಣದ ಎತ್ತಿನಂಗ ಸುತ್ತಿದ್ರ ನಲವತ್ತು ಕಿಲೋಮೀಟರ್ ಹ್ಯಾಂಗ ಓಡತದ, ಬಾಯಿ?" ಎಂದು ಕೇಳಿದೆ.

"ಉದ್ದ ದಾರಿಯಾಗ ಕುದರಿ ದಮ್ಮಿಗೆ ಸೋಲೂದಿಲ್ಲ," ಎಂದಳು ಫಿಲೂ ಬಾಯಿ. "ಒಂದಽ ಬಾಜೂ ಮ್ಯಾಲೆ ಭಾರ ಹಾಕಿ ಹಾಕಿ ಸೋಲತೈತಿ. ಮೊದಲ ಎರಡೂ ಬಾಜೂ ಸಮ ಮಾಡು. ದೂರ ಆಮೇಲೆ."

ಸುಂಗಟಳ ಬಲ ಬದಿ ಬಿಗಿ. ಎಡಕ್ಕೆ ತಿರುಗಿಸಿದರೆ ಹಂಚಿನಿಂದ ಆಗ ತೆಗೆದ ರೊಟ್ಟಿಯ ಹಾಗೆ ಮಡಚುವಳು; ಬಲಕ್ಕೆ, ಮಡಚಿದರೆ ಮುರಿಯುವ ಕಟಕ ರೊಟ್ಟಿ. ಅದಕ್ಕೆ ಫಿಲೂ ಬಾಯಿಯ ಔಷಧಿ ಹೀಗಿತ್ತು: ಎರಡೂ ಕಡೆ ಸಮನಾಗಿ ವೃತ್ತ ಹಾಕಿ, ಕೊನೆಗೆ ಬಲಕ್ಕೆ ಮಾತ್ರ ಎರಡು ಹೆಚ್ಚಿಗೆ. "ಎರಡು," ಎಂದು ಬೆರಳು ತೋರಿಸಿದಳು. "ಮೂರು ಅಲ್ಲ." ಇನ್ನೊಬ್ಬರಿಗೂ ಇದನ್ನೇ ಹೇಳಿದ್ದೇನೆ ಎಂದಳು.

ಆ ಇನ್ನೊಬ್ಬರು! ನಾನು ಅವರನ್ನು ನೋಡಿರಲಿಲ್ಲ, ಬಿಟ್ಟುಹೋದ ಗುರುತುಗಳನ್ನಷ್ಟೇ ನೋಡುತ್ತಿದ್ದೆ. ನನ್ನ ಸರದಿ ಬಂದಾಗಲೆಲ್ಲ ರಿಕಾಬಿನ ಪಟ್ಟಿ ಒಂಬತ್ತನೇ ತೂತಿನಲ್ಲಿರುತ್ತಿತ್ತು. ಹತ್ತಿ ಕೂತರೆ ನನ್ನ ಕಾಲು ಗಾಳಿಯಲ್ಲಿ. ಸರಿಮಾಡಿ ಇಟ್ಟು ಹೋಗುವ ಸೌಜನ್ಯವಿಲ್ಲದ ಮನುಷ್ಯ ಎಂದುಕೊಂಡು ಐದಕ್ಕೆ ತಂದು, ಸವಾರಿ ಮುಗಿಸಿ, ಐದರಲ್ಲೇ ಬಿಟ್ಟು ಬರುತ್ತಿದ್ದೆ. ಲಗಾಮಿಗೆ ತಂಬಾಕಿನ ವಾಸನೆ. ಸುಂಗಟಳ ಕತ್ತಿನ ಕೇಸರದಲ್ಲಿ ಒಂದು ಕರಿ ದಾರ ಕಟ್ಟಿರುತ್ತಿತ್ತು. ಬಾಚುವಾಗ ಸಿಕ್ಕು ಬೀಳುತ್ತದೆಂದು ಬಿಚ್ಚಿ ಎಸೆದೆ. ಬುಧವಾರ ಇನ್ನೊಂದು ಇತ್ತು. ಅದನ್ನೂ ಬಿಚ್ಚಿದೆ. ಶನಿವಾರ ಎರಡು ಇದ್ದವು.

ಇಷ್ಟು ಹಟಮಾರಿ ಮನುಷ್ಯ ಬಲಕ್ಕೆ ಎರಡು ವೃತ್ತ ಹೆಚ್ಚಿಗೆ ಹಾಕುತ್ತಾನೆಯೇ? ಅದು ಬೇಸರದ ಕೆಲಸ. ಬಿಗಿ ಬದಿಗೆ ತಿರುಗಿಸಲು ತೊಡೆ ನೋಯುತ್ತದೆ, ಕುದುರೆ ಕಿವಿ ಹಿಂದೆ ಹಾಕುತ್ತದೆ, ನೋಡುವವರು ಯಾರೂ ಇರುವುದಿಲ್ಲ. ಮರಳಿನ ಮೇಲಿನ ಗೊರಸಿನ ಗುರುತು ನೋಡಿ ಹಿಡಿಯೋಣವೆಂದರೆ ದಿನಾ ಸಂಜೆ ಅದನ್ನು ಹಲುಬೆಯಿಂದ ಎಳೆದು ಸಮ ಮಾಡಿಡುತ್ತಿದ್ದರು. ಅಷ್ಟು ಚೊಕ್ಕಟವಾಗಿ ಎಳೆಸುವುದರ ಮೇಲೂ ನನಗೆ ಸಂಶಯ ಬಂತು.

"ಅವರು ಬಲಕ್ಕ ಖರೇನಽ ಹಾಕತಾರೇನು, ಬಾಯಿ?"

"ಹಾಕತೀನಿ ಅಂತಾನ."

ಆ 'ಅಂತಾನ' ನನಗೆ ಸಾಕಾಯಿತು. ಅಂದಿನಿಂದ ನನ್ನ ಎರಡು ವೃತ್ತದ ಜತೆಗೆ ಅವರು ಬಿಟ್ಟಿರಬಹುದಾದ ಎರಡನ್ನೂ ಹಾಕತೊಡಗಿದೆ. ಅವರು ಬಿಡುವುದಷ್ಟೇ ಅಲ್ಲ, ಸುಲಭವೆಂದು ಎಡಕ್ಕೇ ಸುತ್ತುತ್ತಿರಬಹುದು ಎಂದು ಆಮೇಲೆ ಹೊಳೆಯಿತು. ಅದನ್ನು ಸರಿದೂಗಿಸಲು ಇನ್ನೆರಡು. ಡೈರಿಯಲ್ಲಿ 'ನನ್ನವು', 'ಅವರ ಬಾಕಿ' ಎಂದು ಎರಡು ಸಾಲು ಮಾಡಿ ಗೀಟು ಹಾಕಿದೆ. ಜುಲೈ ಮುಗಿಯುವಾಗ ಅವರ ಬಾಕಿಯ ಗೀಟುಗಳೇ ಹೆಚ್ಚಾಗಿದ್ದವು. ಆ ಹಾಳೆಯನ್ನು ನೋಡಿ ನನಗೆ ಪುಣ್ಯದ ಕೆಲಸ ಮಾಡಿದಂಥ ಸಮಾಧಾನವಾಗುತ್ತಿತ್ತು.

ಆಗಸ್ಟಿನಲ್ಲಿ ಸುಂಗಟ ಬದಲಾದಳು. ಬಲಕ್ಕೆ ಚಲೋ ತಿರುಗುವಳು, ಎಡ ಲಗಾಮು ಮಾತ್ರ ಕೈಗೆ ಭಾರ. ಜೀನು ಹಾಕುವಾಗ ಬೆನ್ನು ಕುಗ್ಗಿಸುವಳು. ಇದು ಆ ಒಂಬತ್ತನೇ ತೂತಿನದೇ ಕಿತಾಪತಿ ಎನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ. ನನ್ನ ಅನುಮಾನಗಳ ಬಗ್ಗೆ ನನಗೆ ಎಂದೂ ಅನುಮಾನವಿರುತ್ತಿರಲಿಲ್ಲ.

ಸೆಪ್ಟೆಂಬರಿನ ಒಂದು ಶುಕ್ರವಾರ ಫಿಲೂ ಬಾಯಿ ಇಬ್ಬರನ್ನೂ ಕರೆಸಿದಳು. ನಾನು ಹೋದಾಗ ಬೇಲಿಯ ಹತ್ತಿರ ಎತ್ತರದ, ನರೆತ ಮೀಸೆಯ ಒಬ್ಬರು ಮಡಚಿದ ಕೊಡೆ ಹಿಡಿದು ನಿಂತಿದ್ದರು. ಅವರು ನನ್ನ ಮುಖ ನೋಡಲಿಲ್ಲ. ಕಾಲು ನೋಡಿದರು.

"ಐದನೇ ತೂತು ನೀವಽ ಏನ್ರಿ?"

"ಒಂಬತ್ತು ನೀವೇನ್ರಿ?"

"ಹೌದ್ರಿ. ಸಂಗಪ್ಪ. ಸೆಂಟ್ರಿಂಗ್ ಮೇಸ್ತ್ರಿ. ನಮ್ಮದು ವಿಜಯಪುರದ ಬಾಜೂಕಿನ ಹಳ್ಳಿ, ಈಗ ಇಲ್ಲೇ ಕೆಳಗ ಕೊರ್ತಾಲಿಮ್‌ನಾಗ ಇರತೀವಿ." ಕೊಡೆಯ ತುದಿಯಿಂದ ಸುಂಗಟಳ ಕೇಸರ ತೋರಿಸಿ ಕೇಳಿದರು. "ದಾರ ಬಿಚ್ಚಾಕೀನೂ ನೀವಽ?"

"ಬಾಚಣಿಗ್ಯಾಗ ಸಿಗತದರಿ ಅದು."

"ದೃಷ್ಟಿ ತಾಕಿದ್ರ ಬಾಚಣಿಗಿ ತೆಗಿತೈತೇನ್ರಿ, ಬಾಯಾರ?"

ಫಿಲೂ ಬಾಯಿ ನಮ್ಮಿಬ್ಬರ ಮಾತಿಗೆ ಕಿವಿಗೊಡದೆ ಸುಂಗಟಳನ್ನು ಹಗ್ಗ ಹಿಡಿದು ಸುತ್ತಿಸತೊಡಗಿದಳು. ಬಲಕ್ಕೆ ಕುದುರೆ ಬೆಣ್ಣೆಯ ಹಾಗೆ ತಿರುಗಿತು. ಎಡಕ್ಕೆ ತಿರುಗಿಸಿದಾಗ ಕತ್ತು ಹೊರಗೆ ಚಾಚಿ, ಹಲಗೆಯ ಹಾಗೆ ಸೆಟೆದು, ಹಿಂಗಾಲು ಎಳೆಯುತ್ತ ನಡೆಯಿತು. ಕಟಕ ರೊಟ್ಟಿ ಬದಿ ಬದಲಿಸಿತ್ತು.

"ಹಿಂಗ ಹೋದ್ರ ಡಾಕ್ಟರ್ ಮೊದಲನೇ ಚೆಕ್‌ನಾಗಽ ಹೊರಗ ಹಾಕತಾನ," ಎಂದಳು ಫಿಲೂ ಬಾಯಿ. "ಯಾರು ಮಾಡಿದ್ದು ಇದು?"

ನಾನು ಮೇಸ್ತ್ರಿಯನ್ನು ನೋಡಿದೆ. ಮೇಸ್ತ್ರಿ ನನ್ನನ್ನು ನೋಡಿದರು. ಇಬ್ಬರ ಕಣ್ಣಲ್ಲೂ 'ನಾನು ಮೊದಲೇ ಹೇಳಲಿಲ್ಲವೆ' ಎಂಬ ಸಂತೋಷ.

ಫಿಲೂ ಬಾಯಿ ಮತ್ತೆ ಕೇಳಲಿಲ್ಲ. "ನೀ ಕೂಡು. ಒಳಗ ಹೋಗು," ಎಂದಳು ನನಗೆ. ನಾನು ಪಟ್ಟಿಯನ್ನು ಒಂಬತ್ತರಿಂದ ಐದಕ್ಕೆ ಏರಿಸಿ, ಹತ್ತಿ, ಗೇಟು ದಾಟಿ ಅರೀನಾದೊಳಗೆ ಹೋದೆ. ಹತ್ತು ಹೆಜ್ಜೆಯಾಗಿರಲಿಲ್ಲ.

"ಸಾಕು. ಇಳಿ."

ಏಕೆಂದು ತಿಳಿಯಲಿಲ್ಲ. ಇಳಿದೆ. ಮೇಸ್ತ್ರಿ ಐದರಿಂದ ಒಂಬತ್ತಕ್ಕೆ ಇಳಿಸಿ, ಹತ್ತಿ, ಗೇಟು ದಾಟಿ ಒಳಗೆ ಹೋದರು. ಹೋದವರು ಬಲಕ್ಕೆ ತಿರುಗಿದರು. ಯಾರೂ ಹೇಳಿರಲಿಲ್ಲ, ಕೈ ತಾನಾಗಿ ಬಲಕ್ಕೆ ಎಳೆದಿತ್ತು. ಆಗ ನನಗೆ ಹೊಳೆಯಿತು, ನಾನೂ ಒಳಗೆ ಹೋದವಳೇ ಬಲಕ್ಕೆ ತಿರುಗಿದ್ದೆ.

"ಸಾಯ್ಬಾ ಭೊಗೊಸ್!" ಎಂದು ದೇವರ ಕ್ಷಮೆ ಕೇಳಿ ಫಿಲೂ ಬಾಯಿ ಗಳದ ಮೇಲೆ ಕುಸಿದು ಕೂತಳು. "ಎರಡು ಅಂದಿದ್ದೆ. ನೀ ಎಷ್ಟು ಹಾಕಿದಿ? ನೀ ಎಷ್ಟು ಹಾಕಿದಿ?"

"ಅವರು ಹಾಕೂದಿಲ್ಲಂತ..." ಎಂದು ನಾನೂ, "ಆ ಬಾಯಾರು ಹಾಕೂದಿಲ್ಲಂತ..." ಎಂದು ಮೇಸ್ತ್ರಿಯೂ ಒಟ್ಟಿಗೆ ಶುರುಮಾಡಿದೆವು. ಇಬ್ಬರೂ ಅಲ್ಲೇ ನಿಲ್ಲಿಸಿದೆವು.

ಎರಡು ತಿಂಗಳಿಗೂ ಮೇಲೆ ಇಬ್ಬರು ಅಪರಿಚಿತರು ಒಬ್ಬರ ಪಾಲಿನ ಸೋಮಾರಿತನವನ್ನು ಇನ್ನೊಬ್ಬರು ತುಂಬಿಕೊಡುತ್ತ ಆ ಪ್ರಾಣಿಯನ್ನು ಬಲಕ್ಕೇ ಸುತ್ತಿಸಿದ್ದೆವು. ಆ ಸೋಮಾರಿತನ ಎಲ್ಲೂ ಇರಲಿಲ್ಲ. ಹಾಲಿಗೆ ನೀರು ಬೆರೆಸಿದ್ದಾರೆಂದು ಇಬ್ಬರೂ ಗಟ್ಟಿ ಕಾಯಿಸಿ ತಳ ಹತ್ತಿಸಿದ ಹಾಗಾಯಿತು.

ಕುದುರೆಗೆ ಎರಡು ವಾರ ಬರೀ ನಡಿಗೆ, ಬೆನ್ನಿಗೆ ತಿಕ್ಕುವುದು. ನಮಗೆ ಬೇರೆಯೇ ಶಿಕ್ಷೆ. "ಇನ್ನ ಮ್ಯಾಲೆ ಇಬ್ಬರೂ ಕೂಡಿ ಬರಬೇಕು," ಎಂದಳು ಫಿಲೂ ಬಾಯಿ. "ಒಬ್ಬರು ಕೂಡೂದು, ಒಬ್ಬರು ನಡುವ ನಿಂತು ನೋಡೂದು. ಸಂಶಯ ಮಾಡು. ಚಲೋತ್ನ್ಯಾಗ ಮಾಡು. ಆದ್ರ ಎದುರಿಗೆ ಮಾಡು."

ನಾವು ಆ ಕೆಲಸಕ್ಕೆ ಹೇಳಿ ಮಾಡಿಸಿದವರು. ನಾನು ಸವಾರಿ ಮಾಡುವಾಗ ಮೇಸ್ತ್ರಿ ಅರೀನಾದ ನಡುವೆ ನಿಂತು ಕೊಡೆಯ ತುದಿಯಿಂದ ತೋರಿಸುವರು. "ತಂಗಿ, ಭುಜ ಒಳಗ ಬೀಳಾಕತ್ತೈತಿ! ಕುದರೀದಲ್ಲ, ನಿನ್ನದು!" 'ಬಾಯಾರ' ಹೋಗಿ 'ತಂಗಿ' ಬಂದದ್ದು ಎರಡನೇ ವಾರದಲ್ಲಿ. ಅವರ ಸರದಿಯಲ್ಲಿ ನಾನು ಅವರ ಗುಟ್ಟು ಹಿಡಿದೆ. ಟ್ರಾಟ್‌ನಲ್ಲಿ ಸವಾರ ಒಂದು ಕುಲುಕಿಗೆ ಏಳಬೇಕು, ಮುಂದಿನದಕ್ಕೆ ಕೂರಬೇಕು. ಆಗಾಗ ಕೂರುವ ಕುಲುಕನ್ನು ಬದಲಿಸಬೇಕು, ಇಲ್ಲದಿದ್ದರೆ ಭಾರವೆಲ್ಲ ಒಂದೇ ಜೋಡಿ ಕಾಲಿನ ಮೇಲೆ. ಮೇಸ್ತ್ರಿ ಬದಲಿಸುತ್ತಿರಲಿಲ್ಲ.

"ಮತ್ತ ಅದಽ ಕಾಲ್ರಿ, ಮೇಸ್ತ್ರಿ!"

"ಬದಲಿ ಮಾಡಿದ್ನಲ್ಲ?"

"ಎಲ್ಲಿ ಮಾಡಿದ್ರಿ? ನಾ ನೋಡಾಕತ್ತೇನಿ."

"ನಮ್ಮ ಮನ್ಯಾಕಿ ಸತೇಕ ಇಷ್ಟು ತಪ್ಪು ಹಿಡಿಯೂದಿಲ್ಲ ಬಿಡವಾ," ಎಂದು ಗೊಣಗುತ್ತಲೇ ಬದಲಿಸುವರು.

ಒಂದು ದಿನ ಜೀನು ಒರೆಸುತ್ತ ಕೂತಾಗ ನೀವು ಏಕೆ ಕುದುರೆ ಹತ್ತಿದಿರಿ ಎಂದು ಕೇಳಿದೆ. ಅಷ್ಟರಲ್ಲಾಗಲೇ ಕೇಳಬೇಕಿತ್ತು, ಮೂರು ಕಾರಣ ನಾನೇ ಊಹಿಸಿಕೊಂಡಿದ್ದರಿಂದ ಕೇಳಿರಲಿಲ್ಲ. ಅವರು ಹೇಳಿದ್ದು ಆ ಮೂರರಲ್ಲಿ ಇರಲಿಲ್ಲ. "ಸಣ್ಣಾವಿದ್ದಾಗ ಸಾಲೀಗಿ ಟಾಂಗಾದ ಹಿಂದ ಜೋತ ಬಿದ್ದು ಹೋಗತಿದ್ವಿ. ಟಾಂಗಾದಾವ ಛಡಿ ಬೀಸತಿದ್ದ, ಲಗಾಮ ಮಾತ್ರ ಒಮ್ಮಿನೂ ಕೈಯಾಗ ಕೊಡಲಿಲ್ಲ." ಸ್ವಲ್ಪ ಹೊತ್ತು ಒರೆಸಿ, "ಮೂರು ಅಂತಸ್ತು ಮ್ಯಾಲೆ ನಿಂತು ಸೆಂಟ್ರಿಂಗ್ ಬಡದೇನಿ. ಲಗಾಮ ಹಿಡದಾಗ ಅನಿಸಿದಂಗ ಅಲ್ಲಿ ಒಮ್ಮಿನೂ ಅನಿಸಿಲ್ಲ," ಎಂದರು. ಅವರೂ ಹಿಂದೆ ಜೋತುಬಿದ್ದು ಬಂದವರೇ ಎಂದು ತಿಳಿದು ನನಗೆ ಸ್ವಲ್ಪ ಸಿಟ್ಟೇ ಬಂತು. ಇನ್ನು ಅವರನ್ನು ಸೋಲಿಸುವುದು ಮೊದಲಿನಷ್ಟು ಸುಲಭವಲ್ಲ.

ನವೆಂಬರಿನ ಕೊನೆಗೆ ಸುಂಗಟ ಎರಡೂ ಬದಿಗೆ ಒಂದೇ ಹದದಲ್ಲಿ ಮಡಚಿದಳು. ಬಯಲಿನ ಮೇಲೆ ಕರೆದೊಯ್ದು ಏರಿಳಿವಿನಲ್ಲಿ ಓಡಿಸಿದರೂ ಬೇಗನೆ ಉಸಿರು ಇಳಿಸುವಳು. ಗಾಣದ ಸುತ್ತು ಎಂದು ನಾನು ನಕ್ಕಿದ್ದ ಅರೀನಾ ದೂರಕ್ಕೆ ಏನು ಕೊಟ್ಟಿತೆಂದು ಆಗ ತೊಡೆಗೇ ತಿಳಿಯಿತು. ಯಾರು ಕೂರಬೇಕೆಂಬುದನ್ನು ಫಿಲೂ ಬಾಯಿ ನಾಣ್ಯಕ್ಕೆ ಬಿಟ್ಟಳು. ಚಿಮ್ಮುವ ಮುನ್ನ ನಾನು ನಾಣ್ಯದ ಎರಡೂ ಮುಖ ನೋಡಿದೆ. ಮೇಸ್ತ್ರಿಯೂ ಇಸಿದುಕೊಂಡು ನೋಡಿದರು.

ಅವರಿಗೆ ಬಂತು. ಆ ದಿನ ಡೈರಿಯಲ್ಲಿ ತಾರೀಖು ಬರೆದೆ. ಬೇರೇನೂ ಬರೆಯಲಿಲ್ಲ.

ಸವಾರಿಯ ದಿನ ನನ್ನದು ನೆಲದ ಮೇಲಿನ ಕೆಲಸ. ನೀರು ಹಾಕುವುದು, ಬೆವರು ಒರೆಸುವುದು, ಡಾಕ್ಟರ ಮುಂದೆ ಕುದುರೆಯನ್ನು ಕೈಯಲ್ಲಿ ಹಿಡಿದು ಓಡಿಸುವುದು. ಮೊದಲ ಇಪ್ಪತ್ತು ಕಿಲೋಮೀಟರ್ ಮುಗಿಸಿ ಮೇಸ್ತ್ರಿ ಬಂದಾಗ ಅವರ ಮೀಸೆಯೂ ಧೂಳಿಗೆ ಕೆಂಪಾಗಿತ್ತು. ಸುಂಗಟಳ ಎದೆಬಡಿತ ಮಿತಿಯೊಳಗೆ ಇಳಿಯಿತು. ಉಳಿದದ್ದು ಓಟ. ಬಾವುಟದವರೆಗೆ ನೆಟ್ಟಗೆ ಹೋಗಿ ನೆಟ್ಟಗೆ ಬರಬೇಕು.

ಡಾಕ್ಟರು ಟೊಪ್ಪಿಯನ್ನು ಹುಬ್ಬಿನವರೆಗೆ ಇಳಿಸಿಕೊಂಡ ಸಣ್ಣ ಮನುಷ್ಯ. ಯಾರು ಏನು ಹೇಳಿದರೂ ನಂಬದವರು. ನೋಡಿದ ಕೂಡಲೇ ನಮ್ಮ ಬಳಗದವರೇ ಎನ್ನಿಸಿತು. ನಾನು ಓಡಿ ಬಂದೆ. ಅವರು ತಲೆ ಓರೆ ಮಾಡಿ, "ಫಿರ್ ಸೆ," ಎಂದರು.

ಇನ್ನೊಮ್ಮೆ ಎಂದರೆ ಏನೋ ಕಂಡಿದೆ ಎಂದೇ ಅರ್ಥ. ಕುದುರೆಯ ಭುಜದ ಪಕ್ಕದಲ್ಲಿ ಓಡುವವರಿಗೆ ಅದರ ಹಿಂಗಾಲು ಕಾಣುವುದಿಲ್ಲ. ತಿರುಗಿ ನೋಡಬಾರದು, ನೋಡಿದರೆ ಕುದುರೆಯೂ ಕತ್ತು ತಿರುಗಿಸುತ್ತದೆ, ಡೊಂಕಾಗಿ ಓಡುತ್ತದೆ. ಹುಟ್ಟಿದಾಗಿನಿಂದ ಎಲ್ಲವನ್ನೂ ತಿರುಗಿ ನೋಡಿದವಳಿಗೆ ಅಷ್ಟು ದೂರ ನೇರ ನೋಡಿ ಓಡುವುದು ಏನೆಂದು ನಿಮಗೆ ಹೇಗೆ ಹೇಳಲಿ? ಬರೀ ಸದ್ದು ಕೇಳಿಸಿಕೊಂಡೆ. ಟಕ್, ಟಕ್, ಟಕ್, ಟಕ್. ಎರಡೂ ಕಡೆ ಒಂದೇ ತೂಕ. ಹಿಂದೆ ಮೇಸ್ತ್ರಿ ನೋಡುತ್ತ ನಿಂತಿದ್ದಾರೆ, ತಪ್ಪಿದ್ದರೆ ಅವರು ಬಾಯಿ ಮುಚ್ಚಿಕೊಂಡಿರುವ ಮನುಷ್ಯರಲ್ಲ ಎಂದುಕೊಂಡೆ. ಬಾವುಟ ಸುತ್ತಿ ಬರುವತನಕ ಅವರು ಒಂದು ಮಾತೂ ಆಡಲಿಲ್ಲ.

ಡಾಕ್ಟರು ಕಾಗದಕ್ಕೆ ಗೀಟು ಹಾಕಿ, ಮುಂದಿನ ಕುದುರೆಗೆ ಕೈ ಮಾಡಿದರು.

ಮಧ್ಯಾಹ್ನ ಉಳಿದ ಇಪ್ಪತ್ತೂ ಮುಗಿಯಿತು. ಕೊನೆಯ ಪರೀಕ್ಷೆಯಲ್ಲಿ 'ಫಿರ್ ಸೆ' ಬರಲಿಲ್ಲ. ಮೇಸ್ತ್ರಿ ಇಳಿದು ಲಗಾಮು ನನ್ನ ಕೈಗೆ ಕೊಟ್ಟು, ಕಾಲು ಸೆಳೆತಕ್ಕೆ ನೆಲದ ಮೇಲೆ ಕೂತರು. "ತಂಗಿ, ನೀ ಹಿಂತಿರುಗಿ ನೋಡಲಿಲ್ಲ," ಎಂದರು. "ನಾ ಆಗಿದ್ರ ನೋಡತಿದ್ದೆ."

ಪಂದ್ಯ ಮುಗಿದ ಮೇಲೆ ಮತ್ತೆ ಬೇರೆ ಬೇರೆ ದಿನದ ಸರದಿ. ಮರು ಸೋಮವಾರ ನಾನು ಲಾಯಕ್ಕೆ ಹೋದಾಗ ಸುಂಗಟಳ ಕೇಸರದಲ್ಲಿ ಕರಿ ದಾರ ಇತ್ತು. ಸಿಕ್ಕು ಬೀಳದ ಹಾಗೆ ಕಿವಿಯ ಹತ್ತಿರ, ಸಣ್ಣ ಗಂಟು. ಬಿಟ್ಟೆ. ರಿಕಾಬಿನ ಪಟ್ಟಿ ಆಗಲೇ ಐದನೇ ತೂತಿನಲ್ಲಿತ್ತು. ಅವರೇ ಹೋಗುವಾಗ ಏರಿಸಿಟ್ಟಿದ್ದರು. ಸವಾರಿ ಮುಗಿಸಿ ನಾನು ಒಂಬತ್ತಕ್ಕೆ ಇಳಿಸಿಟ್ಟು ಬಂದೆ. ಅಂದಿನಿಂದ ಅದೇ ಪದ್ಧತಿ. ಈ ವರ್ಷ ಜೀನಿಗೆ ಹೊಸ ಪಟ್ಟಿ ಬಂದಾಗ ಹಳೆಯ ಜೋಡಿಯಲ್ಲಿ ಒಂದು ನನಗೆ ಬಂತು, ಇನ್ನೊಂದು ಅವರಿಗೆ. ಈ ಡಿಸೆಂಬರಿಗೆ ನಾಣ್ಯ ಬೇಡವೆಂದು ಮೇಸ್ತ್ರಿ ತಾವೇ ಫಿಲೂ ಬಾಯಿಗೆ ಹೇಳಿದ್ದಾರೆ. ನನ್ನ ಸರದಿ. ನಾನು ಅದನ್ನು ಇಬ್ಬರ ಬಾಯಿಂದಲೂ ಬೇರೆ ಬೇರೆಯಾಗಿ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ.

ಮೊನ್ನೆ ಮಂಗಳವಾರ ಬೆಳಿಗ್ಗೆ ನಾನು ಕಚೇರಿಗೆ ಹೊರಡುವಾಗ ಮೇಸ್ತ್ರಿಯ ಫೋನು ಬಂತು. ಹಿಂದೆ ತಗಡಿನ ಮೇಲೆ ಮಳೆ ಸುರಿಯುವ ಸದ್ದು.

"ತಂಗಿ, ಹೊಸಾ ಪಟ್ಟಿ ಒಂಬತ್ತಕ್ಕಽ ಇಟ್ಟೀಯಲ್ಲ. ಚಲೋ ಆತು."

"ಎಣಿಸಿ ನೋಡಿದ್ರೇನ್ರಿ?"

"ಎಣಿಸಲಾರದಽ ಹ್ಯಾಂಗ ಹತ್ತಲಿ?" ಎಂದರು ಮೇಸ್ತ್ರಿ. "ನಾ ಇಟ್ಟ ಐದು ನೀ ಎಣಿಸೂದಿಲ್ಲೇನು?"

"ಎರಡೂ ಬಾಜೂದ್ದೂ ಎಣಸ್ತೀನ್ರಿ," ಎಂದೆ.